ಕಳ್ಳನಿಗೊಂದು ಲಗ್ನಪತ್ರಿಕೆ

ಚನ್ನಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ಬೇರೆ ಮನರಂಜನೆ ಬೇಕಿಲ್ಲ. ಜನ ತಾವಾಗಿಯೇ ತಂದುಕೊಡ್ತಾರೆ. ಆದರೆ ಬಸವಾಪಟ್ಟಣದ ಮದುವೆ ಬ್ರೋಕರ್ ಯಜಮಾನರಷ್ಟು ಯಾರೂ ಕೊಟ್ಟಿಲ್ಲ ಬಿಡಿ.

ಫಾರಿನ್ ವರ

ಮನೆಯ ಕಂಪ್ಯೂಟರನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಆನ್ ಮಾಡಿದರೆ ಪರದೆ ತುಂಬ ಇಂಗ್ಲಿಷ್. ಓದಿ ಹೇಳಿದೆ: "ಯಾರೋ ನಿಮ್ಮ ಫೈಲಿಗೆಲ್ಲ ಬೀಗ ಹಾಕ್ಯಾರೆ. ದುಡ್ಡು ಕೊಟ್ರೆ ಕೀಲಿ ಕೊಡ್ತಾರಂತೆ."

ಅವರ ಮುಖ ಬಿಳಿಚಿಕೊಂಡಿತು. "ಹೊನ್ನಾಳಿ, ನ್ಯಾಮತಿ, ಜಗಳೂರು, ಅಷ್ಟೂ ಕಡೆಯ ಹುಡುಗ ಹುಡುಗೀರ ಫೋಟೊ ಇದ್ರಾಗೇ ಐತಲ್ಲೋ ತಮ್ಮ! ಫೋನ್ ತುಂಬ್ತು ಅಂತ ಅದ್ರಾಗಿಂದ ಅಳಿಸಿಬಿಟ್ಟೀನಿ. ಇದೂ ಹೋದ್ರೆ ನನ್ನ ಕಸುಬೇ ಹೋತು."

ಪಾಪ ಅನ್ನಿಸಿತು. "ಏನು ಒತ್ತಿದ್ರಿ?"

"ಫಾರಿನ್ ವರ, ಬಯೋಡೇಟಾ ಫೈಲ್ ತೆರೆದು ನೋಡಿ ಅಂತ ಇಮೇಲ್ ಬಂದಿತ್ತು. ಫೋಟೊ ಕಾಣ್ಲಿಲ್ಲ ಅಂತ ಮತ್ತೆ ಮತ್ತೆ ಒತ್ತಿದೆ."

"ಇನ್ನೊಂದು ಕಾಪಿ?"

"ಪೆನ್‌ಡ್ರೈವ್‌ನಾಗೆ ಐತೆ. ಕಳೆದುಹೋದೀತು ಅಂತ ಕಂಪ್ಯೂಟರಿಗೇ ಚುಚ್ಚಿಟ್ಟಿದ್ದೆ."

ಅದಕ್ಕೂ ಬೀಗ ಬಿದ್ದಿತ್ತು.

ಮನೆತನದ ವಿಚಾರಣೆ

"ಇದನ್ನ ಬಿಚ್ಚಾಕೆ ನನ್ನಿಂದ ಆಗಲ್ಲ. ದುಡ್ಡು ಕೊಟ್ರೂ ಕೀಲಿ ಬರೋ ಖಾತ್ರಿ ಇಲ್ಲ," ಎಂದೆ.

"ಯಾವೂರವನು ಅವನು?"

"ಯಾವ ದೇಶದಾಗೆ ಅದಾನೋ, ಯಾರಿಗೆ ಗೊತ್ತು? ಬರೀ ಇಮೇಲ್ ವಿಳಾಸ ಕೊಟ್ಟಾನೆ."

"ಸಾಕಲ್ಲ! ಮದುವೆ ಆಗೈತಾ ಅಂತ ಬರೆದು ಕೇಳು."

"ಅಯ್ಯೋ, ಕಳ್ಳನಿಗೆ ಹೆಣ್ಣು ಹುಡುಕ್ತೀರಾ?"

"ಆಗಿರಲ್ಲ ಬಿಡು. ಆಗಿದ್ರೆ ಹಗಲೂ ರಾತ್ರಿ ಕಂಪ್ಯೂಟರ್ ಮುಂದೆ ಕೂರಾಕೆ ಯಾವ ಹೆಂಡ್ತಿ ಬಿಡ್ತಾಳೆ?"

ಬೇಡ ಅಂದ ಫೋಟೊ

ಕೊನೆಗೆ ನಾನೇ ಹೇಳಿದೆ: "ಯಾರ್ಯಾರಿಗೆ ಫೋಟೊ ಕಳಿಸಿದ್ರೋ ಅವರನ್ನೇ ಕೇಳಿ ವಾಪಸ್ ತರಿಸ್ರಿ."

ನನ್ನ ಅಂಗಡಿಯಲ್ಲೇ ಕೂತು ಎಲ್ಲರಿಗೂ ಫೋನ್ ಹಚ್ಚಿದರು. ಹೆಚ್ಚಿನವರು "ಹುಡುಕ್ತೀವಿ" ಅಂದರು. ಕೆರೆಬಿಳಚಿ ಹುಡುಗಿಯ ಫೋಟೊ ಮಾತ್ರ ನ್ಯಾಮತಿಯ ಹುಡುಗನಿಂದ ಕೇಳಿದ ಕೂಡಲೇ ಬಂತು. ಯಜಮಾನರು ಹುಬ್ಬೇರಿಸಿ ಮತ್ತೆ ಅವನಿಗೇ ಫೋನ್ ಮಾಡಿದರು. ನಾನೂ ಕೆಲಸ ಬಿಟ್ಟು ಕಿವಿಗೊಟ್ಟೆ.

"ಏನಪ್ಪಾ, ಈ ಸಂಬಂಧ ಬೇಡ ಅಂದು ವರ್ಷ ಆತು. ಫೋಟೊ ಇನ್ನೂ ಇಟ್ಕಂಡೀಯಾ?"

ಆ ಕಡೆಯಿಂದ ಕೆಮ್ಮು. "ಬೇಡ ಅಂದಿದ್ದು ನಮ್ಮಪ್ಪ ಕಣ್ರೀ."

ಯಜಮಾನರು ಕಂಪ್ಯೂಟರನ್ನು ಅಲ್ಲೇ ಬಿಟ್ಟು ನ್ಯಾಮತಿಗೆ ಹೊರಟೇಬಿಟ್ಟರು. ಅಪ್ಪನನ್ನು ಒಪ್ಪಿಸಿದರು, ಹುಡುಗಿಯೂ ಹ್ಞೂಂ ಅಂದಳಂತೆ. ಅಷ್ಟರಲ್ಲಿ ಉಳಿದ ಫೋಟೊಗಳೂ ಮುಕ್ಕಾಲು ಪಾಲು ವಾಪಸ್ ಬಂದವು.

ಮೊನ್ನೆ ಲಗ್ನಪತ್ರಿಕೆ ಹಿಡಿದು ಬಂದರು. "ಆ ಕಳ್ಳನಿಗೂ ಇದ್ರ ಫೋಟೊ ತೆಗೆದು ಇಮೇಲ್ ಮಾಡು ತಮ್ಮ. ಈ ಸಂಬಂಧ ಕೂಡಿಸಿದ್ದು ಅವನೇ."

"ಕಳಿಸಿದ್ರೂ ನೋಡಲ್ಲ ಯಜಮಾನ್ರೆ," ಎಂದೆ. "ಗುರುತಿಲ್ಲದವರು ಕಳಿಸಿದ ಫೈಲ್ ತೆರೀಬಾರದು ಅಂತ ಅವನಿಗೆ ಚೆನ್ನಾಗಿ ಗೊತ್ತೈತೆ."