ಓಡ್ವಾರನ ಪೆಟ್ರೋಲ್ ಮೀಸೆ

ಓಡ್ವಾರನ ಮೀಸೆಗೆ ಗಂಡಾಂತರ ಬಂದದ್ದು ಅವನದೇ ನಾಲಿಗೆಯಿಂದ. ನಲವತ್ತು ವರ್ಷ ಸಾಕಿದ ಮೀಸೆ ಅದು. ಚಳಿಗಾಲದಲ್ಲಿ ಅದರಿಂದ ಜೋತುಬೀಳುವ ಮಂಜಿನ ಕಡ್ಡಿ ಮುರಿದುಕೊಂಡರೆ ಇಬ್ಬರಿಗೆ ತಣ್ಣನೆ ಪಾನಕ ಆಗುತ್ತಿತ್ತು ಎಂದು ಉತ್ತರದ ಹಿಮನಾಡಿನ ರೋರೋಸ್ ಊರಿನವರು ಹೇಳುತ್ತಾರೆ. ಸುಳ್ಳಿರಲಾರದು.

ಆ ಭಾನುವಾರ ಬೆಳಿಗ್ಗೆ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗೆ. ಗುಡ್ಡದಾಚೆ ಬ್ರೆಕೆನ್ ಚರ್ಚಿನಲ್ಲಿ ಅವನ ಮೊದಲ ಮೊಮ್ಮಗನ ನಾಮಕರಣ. ಇಡೀ ಬೀದಿ ಹೊರಟಿತ್ತು, ಎಲ್ಲರೂ ಕರೆಂಟಿನ ಕಾರಿನಲ್ಲಿ. ಪೆಟ್ರೋಲ್ ಕಾರು ಅಂತ ಉಳಿದದ್ದು ಓಡ್ವಾರನದೊಂದೇ, ಮೂವತ್ತು ವರ್ಷದ ಮುದುಕಿ.

ಪಕ್ಕದ ಮನೆಯ ತೂರಿಡ್ ಸೂಲಗಿತ್ತಿಯಾಗಿದ್ದವಳು, ಅರ್ಧ ಊರನ್ನೇ ಹೊರಗೆಳೆದವಳು. ಬೇಲಿಯ ಮೇಲಿಂದ ಬಗ್ಗಿದಳು.

"ನನ್ನ ಗಾಡೀಲಿ ಬೆಚ್ಚಗೆ ಬಾರೋ ಓಡ್ವಾರ್. ನಿನ್ನ ಮುದುಕಿ ದಾರೀಲಿ ಪ್ರಾಣ ಬಿಟ್ರೆ, ಮಗೂಗೆ ಹೆಸರಿಡೋದು ಬಿಟ್ಟು ಇದನ್ನ ಮಣ್ಣು ಮಾಡ್ಬೇಕಾಗುತ್ತೆ."

"ಬಾಲಕ್ಕೆ ವೈರು ಕಟ್ಕೊಂಡು ಮಲಗೋ ಗಾಡಿ ನಂಗ್ಯಾಕೆ?"

ವೈರು ಇವನ ಕಾರಿಗೂ ಇತ್ತು. ಆ ಚಳಿಯಲ್ಲಿ ಪೆಟ್ರೋಲ್ ಎಂಜಿನ್ನನ್ನೂ ರಾತ್ರಿಯಿಡೀ ಕರೆಂಟಿನಿಂದ ಬಿಸಿ ಮಾಡದಿದ್ದರೆ ಬೆಳಿಗ್ಗೆ ಕೆಮ್ಮುವುದೂ ಇಲ್ಲ. ತೂರಿಡ್ ಅದನ್ನು ಬೆರಳು ಮಾಡಿ ತೋರಿಸಿದಳು. ಇದು ಬೇರೆ ವೈರು ಅಂದ ಓಡ್ವಾರ್. ಮಾತಿಗೆ ಮಾತು ಬೆಳೆದು, ಬೀದಿಯವರೆಲ್ಲ ಕೇಳುವ ಹಾಗೆ ಆಣೆ ಬಿತ್ತು.

"ಇವತ್ತು ಚರ್ಚಿನ ಬಾಗಿಲು ಮೊದಲು ಮುಟ್ಟೋದು ಕರೆಂಟಿನ ಗಾಡಿ ಆದ್ರೆ, ಅಲ್ಲೇ ಪಾದ್ರಿ ಮುಂದೆ ಅರ್ಧ ಮೀಸೆ ಬೋಳಿಸ್ಕೋತೀನಿ."

ತೂರಿಡ್ ಒಳಗೆ ಹೋಗಿ ಕ್ಷೌರದ ಕತ್ತಿ ಹುಡುಕಿ ಚೀಲಕ್ಕೆ ಹಾಕಿಕೊಂಡಳು.

ಓಡ್ವಾರನ ಧೈರ್ಯಕ್ಕೂ ಕಾರಣವಿತ್ತು. ಸೆಪ್ಟೆಂಬರಿನಲ್ಲಿ ಅವನು ಬೇಟೆ ಮುಗಿಸಿ ಬಂದಾಗಿನಿಂದ ಗಾಡಿಗೆ ಹೊಸ ಹರೆಯ ಬಂದಿತ್ತು. ಕೀಲಿ ತಿರುಗಿಸಿದರೆ ಸಾಕು, ಗುಡುಗುಡು. ಪೆಟ್ರೋಲ್ ಮುಳ್ಳು ಫುಲ್ ಬಿಟ್ಟು ಕದಲುತ್ತಿರಲಿಲ್ಲ. ತನ್ನ ಕೈಗುಣ ಅಂಥದ್ದು ಎಂದು ಅವನು ಕೊಚ್ಚಿಕೊಂಡಾಗಲೆಲ್ಲ ಹೆಂಡತಿ ಬೋರ್ಗಿಲ್ಡ್ ಹೂಂ ಅಂದು ಕಿಟಕಿಯಾಚೆ ನೋಡುತ್ತಿದ್ದಳು.

ಹೊರಡುವ ಆತುರದಲ್ಲಿ ವೈರು ಕೀಳುವುದು ಮರೆತೇಹೋಯಿತು. ವೈರು, ಗೋಡೆಯ ಪ್ಲಗ್ಗು, ಅದರ ಪಕ್ಕದ ಟಪಾಲು ಡಬ್ಬಿ, ಮೂರೂ ಕಿತ್ತುಕೊಂಡು ಹೊಸ ಮದುವಣಗಿತ್ತಿಯ ನಂಟರ ಹಾಗೆ ಕಾರಿನ ಜೊತೆಗೇ ಹೊರಟವು. ನೆರೆಯವರು ಹಾರ್ನ್ ಹೊಡೆದು ಕೈ ಬೀಸಿದರು. ನೋಡು, ಪೆಟ್ರೋಲಿಗೆ ಸಲಾಮು ಹೊಡೀತಿದಾರೆ ಎಂದು ಇವನೂ ಕೈ ಬೀಸಿದ.

ತೂರಿಡಳ ಕಾರಿನಲ್ಲಿ ನಾಲ್ಕು ಜನ, ನಡುವೆ ನಾಮಕರಣದ ಊಟದ ಕೆನೆಗಂಜಿಯ ಪಾತ್ರೆ. ಗಂಜಿ ಚೆಲ್ಲದಂತೆ ಅವಳು ಗುಡ್ಡವನ್ನು ಮೆಲ್ಲಗೆ ಹತ್ತುತ್ತಿದ್ದಾಗ ಮುದುಕಿ ಎಳೆಗರುವಿನ ಹಾಗೆ ಚಂಗನೆ ಮುಂದೆ ಹೋಯಿತು. ಚರ್ಚಿನ ಬಾಗಿಲಿಗೆ ಎಲ್ಲರಿಗಿಂತ ಎರಡು ನಿಮಿಷ ಮೊದಲೇ ಬಂದ ಓಡ್ವಾರ್, ಬಂದವರಿಗೆಲ್ಲ ಪೆಟ್ರೋಲಿನ ಮಹಿಮೆ ಹೇಳತೊಡಗಿದ. ಪಾದ್ರಿಗೂ ಬಿಡಲಿಲ್ಲ.

ಆಗ ಡಬ್ಬಿ ಕಣ್ಣಿಗೆ ಬಿತ್ತು. ವೈರು ಮುಂದಿನ ಗಾಲಿಗೆ ಸುತ್ತಿಕೊಂಡಿತ್ತು. ಬಿಡಿಸಬೇಕಾದರೆ ಬಾನೆಟ್ ಎತ್ತಬೇಕು.

"ಬಾನೆಟ್ ಒಂದು ಎತ್ತಬೇಡಿ," ಅಂದಳು ಬೋರ್ಗಿಲ್ಡ್. ಅಷ್ಟು ಹೇಳಿದರೆ ಸಾಕಲ್ಲ, ತೂರಿಡ್ ಎತ್ತೇಬಿಟ್ಟಳು.

ಒಳಗೆ ಎಂಜಿನ್ನೇ ಇಲ್ಲ. ಅಚ್ಚುಕಟ್ಟಾದೊಂದು ಪೆಟ್ಟಿಗೆ, ಕುಂಬಳಕಾಯಿ ಗಾತ್ರದ ಮೋಟಾರು, ಮೂಲೆಯಲ್ಲೊಂದು ಪುಟ್ಟ ಸ್ಪೀಕರು.

"ನೀನು ಬೇಟೆಗೆ ಹೋದಾಗ ನಾನು ಸಂತೆಗೆ ತಗೊಂಡು ಹೋಗಿದ್ದೆ," ಬೋರ್ಗಿಲ್ಡ್ ನೆಲ ನೋಡುತ್ತ ಅಂದಳು. "ನಡುದಾರೀಲಿ ಎಂಜಿನ್ ಸತ್ತೋಯ್ತು. ಹೇಳಿದ್ರೆ ನೀನೂ ಅದರ ಹಿಂದೇನೇ ಹೋಗ್ತಿದ್ದೆ. ಅದಕ್ಕೇ ನಮ್ಮಣ್ಣನ ಮಗನ ಗ್ಯಾರೇಜಲ್ಲಿ ಕರೆಂಟಿಂದು ಹಾಕಿಸ್ದೆ. ರಾತ್ರಿ ಬಿಸಿ ಮಾಡೋಕೆ ಅಂತ ಸಿಗಿಸೋ ವೈರೇ ಈಗ ಅದಕ್ಕೆ ಊಟ."

"ಮತ್ತೆ ಆ ಸದ್ದು?"

"ನಿನ್ನ ತಮ್ಮನ ಟ್ರ್ಯಾಕ್ಟರಿಂದು. ರೆಕಾರ್ಡ್ ಮಾಡ್ಕೊಂಡ್ವಿ."

"ಮುಳ್ಳು?"

"ಗೋಂದು."

"ವಾಸನೆ ಬರುತ್ತಲ್ಲೇ?"

"ಸೀಟಿನಡಿ ಒಂದು ಬಟ್ಟೆ ಇದೆ. ಶನಿವಾರ ಶನಿವಾರ ಎರಡು ಹನಿ ಪೆಟ್ರೋಲ್ ಹಾಕ್ತೀನಿ."

ಎಲ್ಲರೂ ನಗುತ್ತಾರೆ ಅಂದುಕೊಂಡ ಓಡ್ವಾರ್. ಆದರೆ ತೂರಿಡ್ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಆಗತಾನೇ ಹುಟ್ಟಿದ ಕೂಸನ್ನು ಮುಟ್ಟುವ ಹಾಗೆ ಅದರ ಮೂಗು ಸವರಿದಳು. ಈ ಹಾಳು ಚಳಿಯಲ್ಲಿ, ಆ ಗುಡ್ಡದಲ್ಲಿ, ಎರಡು ವರ್ಷದ ತನ್ನ ಗಾಡಿಯನ್ನೇ ಹಿಂದೆ ಹಾಕಿತಲ್ಲ ಎಂದು ಬೆರಗಾದಳು. ಓಡ್ವಾರನ ಎದೆ ಸ್ವಲ್ಪ ಉಬ್ಬಿತು. ಉಬ್ಬಿದ್ದೇ ತಪ್ಪಾಯಿತು.

"ಅಂದ್ರೆ, ಚರ್ಚಿನ ಬಾಗಿಲು ಮೊದಲು ಮುಟ್ಟಿದ್ದು ಕರೆಂಟಿನ ಗಾಡೀನೇ ಅಲ್ವೇನೋ?" ಅನ್ನುತ್ತ ಅವಳು ಚೀಲಕ್ಕೆ ಕೈ ಹಾಕಿದಳು.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ ಮೀಸೆಯೇ ಅರ್ಧ ಹೋಯಿತು. ನಾಮಕರಣದ ಫೋಟೋದಲ್ಲಿ ಇವತ್ತಿಗೂ ಎಲ್ಲರೂ ಮಗುವನ್ನು ಬಿಟ್ಟು ಅಜ್ಜನನ್ನೇ ನೋಡುತ್ತಾರೆ.

ವಾಪಸು ಬರುವಾಗ ಸ್ಪೀಕರ್ ಬಂದ್. ಗಾಲಿಯಡಿ ಹಿಮ ಕರಕರ ಅನ್ನುವುದು, ಪಕ್ಕದಲ್ಲಿ ಬೋರ್ಗಿಲ್ಡ್ ಗುನುಗುವುದು, ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಕಿವಿಗೆ ಬಿತ್ತು. ಚೆನ್ನಾಗಿದೆ ಅನ್ನಬೇಕೆಂದುಕೊಂಡ. ಬೋಳು ತುಟಿ ಚಳಿಗೆ ಮರಗಟ್ಟಿ ಮಾತು ಹೊರಡಲಿಲ್ಲ.

ಮನೆ ಮುಟ್ಟಿದಾಗ ಗೋಡೆಯಲ್ಲಿ ಪ್ಲಗ್ಗಿದ್ದ ಜಾಗದಲ್ಲಿ ತೂತು. ಗಾಡಿ ಹಸಿದು ನಿಂತಿತ್ತು. ವೈರಿನ ತುದಿ ಹಿಡಿದುಕೊಂಡು ಓಡ್ವಾರ್ ಬೇಲಿಯ ಹತ್ತಿರ ಹೋದ.

"ಏನೋ ಅದು ಕೈಯಲ್ಲಿ?" ಕೇಳಿದಳು ತೂರಿಡ್.

ಓಡ್ವಾರ್ ಉಳಿದ ಅರ್ಧ ಮೀಸೆಯನ್ನು ತಿರುವಿದ.

"ಇದು ಬೇರೆ ವೈರು," ಅಂದ. "ನಿನ್ನ ಪ್ಲಗ್ಗು ಎಲ್ಲಿದೆ, ಹೇಳು."