ಎರಡಂತಸ್ತಿನ ವಿಮಾನ

ನಗರಸಭೆಯ ಕಟ್ಟಡ ದಾಖಲೆಯ ಪ್ರಕಾರ, ಹಳೇ ಮೈದಾನದ ಪಕ್ಕದ ಹನ್ನೊಂದನೇ ನಂಬರಿನ ಎರಡಂತಸ್ತಿನ ಕಟ್ಟಡಕ್ಕೆ ಮೂರು ಚಕ್ರ, ಒಂದು ಪಂಖ ಮತ್ತು ಒಂದು ಬಾಲ ಇವೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ದಾಖಲೆಯಲ್ಲಿ ಇದೆ ಎಂದ ಮೇಲೆ ಇದೆ. ಅದು ಅಲ್ಲಿಗೆ ಹೇಗೆ ಬಂತು ಎಂಬುದನ್ನಷ್ಟೇ ಇಲ್ಲಿ ವರದಿ ಮಾಡಲಾಗಿದೆ.

ಕಟ್ಟಡದ ಮಾಲೀಕರು ಊರಿಗೆಲ್ಲ ಬೇಕಾದ ಟೈಲರ್ ಮಾಸ್ಟ್ರು. ಬಹಳ ವರ್ಷಗಳ ಕೆಳಗೆ ಆ ಮೈದಾನದಲ್ಲಿ ಒಂದು ವಿಮಾನ ಕ್ಲಬ್ ಇತ್ತು. ಮಾಸ್ಟ್ರು ಅಲ್ಲಿನವರಿಗೆ ಸಮವಸ್ತ್ರ ಹೊಲಿದುಕೊಟ್ಟು, ಮಜೂರಿಯ ಬದಲು ಹಾರಾಟ ಕಲಿತರು. ಪರೀಕ್ಷೆಗೆ ಕೂತು ಚಾಲಕನ ಪರವಾನಗಿಯನ್ನೂ ಗಿಟ್ಟಿಸಿದರು. ಕ್ಲಬ್ ಮುಚ್ಚಿದಾಗ ಒಳ್ಳೊಳ್ಳೆಯ ವಿಮಾನಗಳನ್ನು ಯಾರ್ಯಾರೋ ಕೊಂಡೊಯ್ದರು. ಕೊನೆಗೆ ಉಳಿದದ್ದು ಮೇಲೊಂದು ಜೊತೆ, ಕೆಳಗೊಂದು ಜೊತೆ ರೆಕ್ಕೆಯ ಒಂದು ಮುದಿ ವಿಮಾನ. ಅದರ ರೆಕ್ಕೆಗೆ ತಗಡಲ್ಲ, ಬಟ್ಟೆ ಹೊದಿಸಿದ್ದರು. ಬಟ್ಟೆ ಹರಿದು ಒಳಗಿನ ಮರದ ಪಕ್ಕೆಲುಬು ಕಾಣುತ್ತಿತ್ತು. ಹರಿದ ಬಟ್ಟೆ ಕಂಡು ಸುಮ್ಮನೆ ಹೋಗುವುದು ಮಾಸ್ಟ್ರಿಂದ ಆಗದ ಕೆಲಸ. ತಳ್ಳಿಕೊಂಡು ಬಂದು ಮನೆಯ ಹಿತ್ತಲಲ್ಲಿ ನಿಲ್ಲಿಸಿದರು.

ಆಮೇಲಿನ ಹತ್ತೊಂಬತ್ತು ವರ್ಷ ಅದನ್ನು ಹೊಲಿದರು. ಹಗಲು ಗಿರಾಕಿಗಳ ಪ್ಯಾಂಟು, ಸಂಜೆ ವಿಮಾನದ ರೆಕ್ಕೆ. ಮೇಣ ಹಚ್ಚಿದ ದಾರ, ಉದ್ದನೆಯ ಬಾಗಿದ ಸೂಜಿ, ಪಕ್ಕೆಲುಬಿನಿಂದ ಪಕ್ಕೆಲುಬಿಗೆ ಗಂಟು. ಅಂಗಡಿಯ ಗೋಡೆಯ ತುಂಬ ವಿಚಿತ್ರ ವಿಮಾನಗಳ ಚಿತ್ರ. ಬಾಲ ಮುಂದಕ್ಕಿರುವುದು, ಮೂರು ಪದರ ರೆಕ್ಕೆಯದು, ದೋಣಿಯ ಹೊಟ್ಟೆಯದು, ಬಾಲವೇ ಇಲ್ಲದ್ದು. ಅಳತೆ ಕೊಡಲು ಬಂದವರಿಗೆ ಇವುಗಳಿಂದ ಬಿಡುಗಡೆ ಇರಲಿಲ್ಲ. ಎದೆಗೆ ಟೇಪು ಸುತ್ತಿದ ಮೇಲೆ ಗಿರಾಕಿ ಎಲ್ಲಿಗೆ ಓಡಿಯಾನು? ಸೊಂಟದ ಅಳತೆ ಮುಗಿಯುವಷ್ಟರಲ್ಲಿ ಬಾಲ ಮುಂದಿರುವ ವಿಮಾನದ ಲಾಭನಷ್ಟಗಳನ್ನೆಲ್ಲ ಅವನು ಕೇಳಿ ಮುಗಿಸಿರಬೇಕಾಗಿತ್ತು.

ಮಾಸ್ಟ್ರ ಹೆಂಡತಿ ಮಾತ್ರ ಈ ವಿಷಯವನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಎರಡು ರೆಕ್ಕೆಗಳ ನಡುವೆ ಬಿಗಿದ ತಂತಿಯ ಮೇಲೆ ಆಕೆ ಬಟ್ಟೆ ಒಣಹಾಕುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಆ ವಿಮಾನದಿಂದ ಮನೆಗೆ ಆದ ಉಪಯೋಗ ಅದೊಂದೇ ಎಂದು ಅವರ ಅಭಿಪ್ರಾಯ.

ಕಡೆಗೂ ಆ ವರ್ಷ ಕೊನೆಯ ಹೊಲಿಗೆ ಬಿತ್ತು. ಎಂಜಿನ್ನು ಕೆಮ್ಮಿ, ಸೀನಿ, ತಿರುಗಿತು. ಆದರೆ ಮಾಸ್ಟ್ರು ಕ್ಯಾಲೆಂಡರ್ ನೋಡಿ ಬೆರಳು ಮಡಚಿ ದಿನ ಎಣಿಸಿದರು. ಆ ತಿಂಗಳ ಇಪ್ಪತ್ತೆಂಟಕ್ಕೆ ಅವರಿಗೆ ಅರವತ್ತೈದು. ಅರವತ್ತೈದು ತುಂಬಿದ ದಿನ ಚಾಲಕನ ಪರವಾನಗಿ ತಾನಾಗಿಯೇ ರದ್ದು. ಅಷ್ಟರೊಳಗೆ ಒಂದೇ ಒಂದು ಸಲ ಹಾರಿಬಿಡಬೇಕು, ಅಷ್ಟೇ ಅವರ ಆಸೆ.

ಎರಡನೇ ತಾರೀಕು ನಗರಸಭೆಯ ಗಣತಿದಾರ ಬಂದ. ಅವನ ಹಾಳೆಯಲ್ಲಿ ಮೂರು ಕಲಂ ಇದ್ದವು: ಕಟ್ಟಡ, ವಾಹನ, ಜಾನುವಾರು. ಕಂಡದ್ದೆಲ್ಲವನ್ನೂ ಈ ಮೂರರಲ್ಲಿ ಒಂದಕ್ಕೆ ಸೇರಿಸತಕ್ಕದ್ದು, ಖಾಲಿ ಬಿಡತಕ್ಕದ್ದಲ್ಲ ಎಂದು ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

"ಇದಕ್ಕೆಷ್ಟು ಚಕ್ರ ಮಾಸ್ಟ್ರೇ?"

"ಮುಂದೆ ಎರಡು, ಹಿಂದೆ ಚಿಕ್ಕದು ಒಂದು."

"ಮೂರಾ? ಹಂಗಾದ್ರೆ ಆಟೋ. ಮೀಟರ್ ಎಲ್ಲಿ?"

"ಅಯ್ಯೋ, ಇದು ವಿಮಾನ ಕಣಪ್ಪ."

"ವಿಮಾನದ ಕಲಂ ಇಲ್ಲ. ಎಷ್ಟು ವರ್ಷದಿಂದ ಇಲ್ಲೇ ನಿಂತಿದೆ?"

"ಹತ್ತೊಂಬತ್ತು."

ಗಣತಿದಾರನ ಮುಖ ಅರಳಿತು. ಏಳು ವರ್ಷಕ್ಕೂ ಮೇಲ್ಪಟ್ಟು ಒಂದೇ ಸ್ಥಳದಲ್ಲಿ ನಿಂತಿರುವ, ಮನುಷ್ಯರು ಒಳಗೆ ಕುಳಿತುಕೊಳ್ಳಬಹುದಾದ ಯಾವುದೇ ವಸ್ತುವನ್ನು ಕಟ್ಟಡವೆಂದು ಪರಿಗಣಿಸತಕ್ಕದ್ದು ಎಂದು ನಿಯಮ ಹದಿನಾಲ್ಕು ಸ್ಪಷ್ಟವಾಗಿ ಹೇಳುತ್ತಿತ್ತು. ಅವನು ಹಿಂದೆ ಸರಿದು ನಿಂತು ರೆಕ್ಕೆಗಳನ್ನು ಎಣಿಸಿ, "ಅಂತಸ್ತು: ಎರಡು" ಎಂದು ಬರೆದುಕೊಂಡ. ಸ್ಥಳ ತಪ್ಪಬಾರದೆಂದು ಚಕ್ರಕ್ಕೆ ಸರಪಳಿ ಬಿಗಿದು, ಬೀಗದ ಮೇಲೆ ಅರಗಿನ ಮುದ್ರೆ ಒತ್ತಿ, ನೀರು ಕೇಳಿ ಕುಡಿದು ಹೋದ.

ಮೂರೇ ದಿನಕ್ಕೆ ನೋಟೀಸು ಬಂತು.

"ಸದರಿ ಕಟ್ಟಡದ ಮೇಲಂತಸ್ತನ್ನು ಪೂರ್ವಾನುಮತಿ ಇಲ್ಲದೆ ನಿರ್ಮಿಸಿರುವುದು ಕಂಡುಬಂದಿರುತ್ತದೆ. ಹದಿನೈದು ದಿನಗಳೊಳಗಾಗಿ ಸಕ್ರಮ ಮಾಡಿಸಿಕೊಳ್ಳದಿದ್ದಲ್ಲಿ ಮೇಲಂತಸ್ತನ್ನು ಕೆಡವಿ, ಕೆಳಗಿನದನ್ನು ಮಾತ್ರ ತಮಗೆ ಉಳಿಸಿಕೊಡಲಾಗುವುದು."

ಮಾಸ್ಟ್ರು ಬಿದ್ದೆನೋ ಕೆಟ್ಟೆನೋ ಎಂದು ನಗರಸಭೆಗೆ ಓಡಿದರು. ಅಲ್ಲಿ ಕಟ್ಟಡ ಶಾಖೆಯ ಇಂಜಿನಿಯರ್ ಸಾಹೇಬರು ಬಹಳ ಸಹನೆಯಿಂದ ವಿವರಿಸಿದರು. ಮೇಲಂತಸ್ತು ಸಕ್ರಮವಾಗಬೇಕಾದರೆ ಹತ್ತಲು ಮೆಟ್ಟಿಲು ಬೇಕು, ಮೇಲೊಂದು ನೀರಿನ ತೊಟ್ಟಿ ಬೇಕು, ಯಾರೂ ಬೀಳದಂತೆ ಸುತ್ತಲೂ ತಡೆ ಬೇಕು.

"ಸಾರ್, ಅಷ್ಟು ಭಾರ ಹೇರಿದ್ರೆ ಅದು ಮೇಲೇಳೋದೇ ಇಲ್ಲ!"

"ಕಟ್ಟಡ ಯಾಕ್ರೀ ಮೇಲೇಳಬೇಕು?" ಎಂದರು ಇಂಜಿನಿಯರ್. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಮಾಸ್ಟ್ರು ನಿಯಮದ ಪುಸ್ತಕ ಇಸಕೊಂಡು ಬಂದು, ಗಿರಾಕಿ ಕೊಟ್ಟ ಬಟ್ಟೆ ಸಾಲದಾದಾಗ ನೋಡುವಂತೆ ಹಿಂದೆ ಮುಂದೆ ತಿರುವಿ ನೋಡಿದರು. ಮೆಟ್ಟಿಲು, ತೊಟ್ಟಿ, ತಡೆ ಇರತಕ್ಕದ್ದು ಎಂದಿತ್ತೇ ಹೊರತು ಎಷ್ಟು ದೊಡ್ಡದು, ಯಾತರದ್ದು ಎಂದು ಎಲ್ಲೂ ಇರಲಿಲ್ಲ. ಅವರು ಸೊಂಟಪಟ್ಟಿಯ ಕ್ಯಾನ್ವಾಸಿನಲ್ಲಿ ನಾಲ್ಕು ಮೆಟ್ಟಿಲು ಹೊಲಿದು ರೆಕ್ಕೆಯಿಂದ ಇಳಿಬಿಟ್ಟರು. ಕೆಮ್ಮಿನ ಔಷಧಿಯ ಖಾಲಿ ಸೀಸೆಗೆ ನೀರು ತುಂಬಿ ಮೇಲೆ ಕಟ್ಟಿದರು. ಮೇಲಿನ ರೆಕ್ಕೆಯ ಅಂಚಿಗೆ ಸುತ್ತಲೂ ಬಿಳಿ ಲೇಸು ಹಚ್ಚಿದರು.

ಇಂಜಿನಿಯರ್ ತಪಾಸಣೆಗೆ ಬಂದು ಲೇಸನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದರು.

"ಗಟ್ಟಿ ಇದ್ಯೇನ್ರೀ?"

"ಅಂಗುಲಕ್ಕೆ ಹನ್ನೆರಡು ಹೊಲಿಗೆ ಸಾರ್. ಎರಡು ಸುತ್ತು."

"ತಡೆ ತೃಪ್ತಿಕರ" ಎಂದು ಬರೆದು ಇಂಜಿನಿಯರ್ ಸಹಿ ಹಾಕಿದರು. ಸೀಸೆಯ ಮುಂದೆ "ನೀರಿನ ಸೌಕರ್ಯ ಇದೆ" ಎಂದು ಬರೆದರು. ಆ ಮಟ್ಟಿಗೆ ಅದು ಊರಿನ ಅನೇಕ ಕಟ್ಟಡಗಳಿಗಿಂತ ಮೇಲಾಗಿತ್ತು.

ರೆಕ್ಕೆ ಉಳಿಯಿತು. ಆದರೆ ಇನ್ನು ಹತ್ತೇ ದಿನ. ಮಾಸ್ಟ್ರು ಹಾರಾಟದ ಅನುಮತಿ ಕೇಳಿ, ನಗರಸಭೆಯ ದಾಖಲೆಯ ಪ್ರತಿ ಲಗತ್ತಿಸಿ ವಿಮಾನ ಇಲಾಖೆಗೆ ಬರೆದರು. ಇಪ್ಪತ್ತಮೂರಕ್ಕೆ ಉತ್ತರ ಬಂತು: "ಎರಡಂತಸ್ತಿನ ಕಟ್ಟಡಗಳು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಸ್ಥಳೀಯ ನಗರಸಭೆಯನ್ನು ಸಂಪರ್ಕಿಸುವುದು."

ಅಂದು ಮಾಸ್ಟ್ರು ಒಂದು ಅಂಗಿಗೆ ಎರಡೂ ಎಡಗೈ ತೋಳುಗಳನ್ನೇ ಹಚ್ಚಿಬಿಟ್ಟರು. ಅವರ ವೃತ್ತಿಜೀವನದಲ್ಲಿ ಹಾಗಾದದ್ದು ಅದೇ ಮೊದಲು. ಹೆಂಡತಿ ಅದನ್ನು ಬಿಚ್ಚುತ್ತ, "ಇನ್ನೊಂದ್ಸಲ ನಗರಸಭೆಗೆ ಹೋಗಿ ಬನ್ನಿ. ಹೆಡ್ ಗುಮಾಸ್ತರನ್ನ ನೋಡಿ, ಅವರು ಒಳ್ಳೇವ್ರು," ಎಂದರು. ಆ ವಿಮಾನದ ಪರವಾಗಿ ಆಕೆ ಆಡಿದ ಮೊದಲ ಮಾತೂ ಅದೇ.

ಹೆಡ್ ಗುಮಾಸ್ತರು ನಿಜಕ್ಕೂ ಒಳ್ಳೆಯವರು. ಮೂವತ್ತು ವರ್ಷದ ಸರ್ವಿಸಿನಲ್ಲಿ ನಿಯಮ ಮುರಿದವರಲ್ಲ, ಯಾರನ್ನೂ ಬರಿಗೈಲಿ ಕಳಿಸಿದವರೂ ಅಲ್ಲ. ಅವರು ಕನ್ನಡಕ ಒರೆಸಿಕೊಂಡು ಪುಸ್ತಕ ತಿರುವಿದರು.

"ನೋಡಿ ಮಾಸ್ಟ್ರೇ, ಕಟ್ಟಡ ಹಾರೋ ಹಾಗಿಲ್ಲ. ಆದ್ರೆ ದುರಸ್ತಿಗೋಸ್ಕರ ಜಾಗ ಬಿಟ್ಟು ಹೋಗಬಹುದು. ನಿಯಮ ಮೂವತ್ತೊಂದು. ಹಗಲು ಹೊತ್ತಲ್ಲಿ ಹೋಗಿ ಅದೇ ದಿನ ವಾಪಸ್ ಬರಬೇಕು."

"ಯಾವ ದಾರಿಯಲ್ಲಿ ಹೋಗಬೇಕು ಅಂತ ಇದ್ಯಾ?"

"ಇಲ್ಲ. ರಸ್ತೆ ಸಂಚಾರಕ್ಕೆ ಅಡ್ಡಿ ಆಗಬಾರದು ಅಂತ ಮಾತ್ರ ಇದೆ."

"ಆಗೋದಿಲ್ಲ ಸಾರ್!"

"ತಡೀರಿ. ಕಟ್ಟಡ ಹೋಗ್ತಾ ಇರುವಾಗ ಅದರಲ್ಲಿ ಯಾರೂ ವಾಸ ಇರಬಾರದು. ಒಬ್ಬ ಕಾವಲುಗಾರ ಮಾತ್ರ ಇರಬಹುದು."

"ಕಾವಲಿಗೆ ನಾನೇ ಕೂತರೆ?"

"ಕಾವಲುಗಾರನಿಗೆ ಅರವತ್ತು ತುಂಬಿರಬಾರದು ಮಾಸ್ಟ್ರೇ."

ಮಾಸ್ಟ್ರು ಕೈ ಚೆಲ್ಲಿ ಕೂತರು. ಹತ್ತೊಂಬತ್ತು ವರ್ಷದ ಹೊಲಿಗೆ ಒಂದೇ ಎಳೆತಕ್ಕೆ ಬಿಚ್ಚಿಹೋದ ಹಾಗಾಯಿತು. ಗುಮಾಸ್ತರಿಗೆ ನೋಡಲಾಗಲಿಲ್ಲ. ಪುಟ ತಿರುವಿದರು, ಮತ್ತೆ ತಿರುವಿದರು.

"ಮನುಷ್ಯರಾಗಿ ನಿಮ್ಮನ್ನ ಒಳಗೆ ಕೂರಿಸೋದು ಸಾಧ್ಯವೇ ಇಲ್ಲ," ಎಂದರು ಮೆಲ್ಲಗೆ. "ಆದ್ರೆ ಕಟ್ಟಡದ ಸಾಮಾನುಗಳು ಎಲ್ಲಿದ್ದವೋ ಅಲ್ಲೇ ಇರಬಹುದು ಅಂತಿದೆ. ಸಾಮಾನಾಗಿ ಕೂರಿಸಬಹುದು."

"ಕೂರಿಸಿ ಸಾರ್!"

ಗುಮಾಸ್ತರು ಸಾಮಾನು ಪುಸ್ತಕ ಬಿಡಿಸಿದರು. "ವಸ್ತು, ಪೀಠೋಪಕರಣ. ಸಂಖ್ಯೆ, ಒಂದು. ಮರದ್ದು ಅಂತ ಬರೀಲಾ, ಕಬ್ಬಿಣದ್ದು ಅಂತಲಾ?"

"ಇತರೆ ಅಂತ ಕಲಂ ಇದ್ಯಾ?"

"ಇದೆ. ಅಳತೆ?"

ಮಾಸ್ಟ್ರು ಎದ್ದು ನಿಂತು, ತಮ್ಮ ಟೇಪಿನಿಂದಲೇ ತಮ್ಮನ್ನು ಅಳೆದುಕೊಂಡು, ಎದೆ, ಸೊಂಟ, ಎತ್ತರ ಹೇಳಿದರು. ಅಂಥ ಕರಾರುವಾಕ್ಕಾದ ಅಳತೆ ಆ ಪುಸ್ತಕದಲ್ಲಿ ಅದಕ್ಕೆ ಮುಂಚೆ ದಾಖಲಾಗಿರಲಿಲ್ಲ.

ಉಳಿದದ್ದು ಕಾವಲುಗಾರ. ಮಾಸ್ಟ್ರ ಹೆಂಡತಿಗೆ ಐವತ್ತೆಂಟು. "ನಾನಾ? ಆ ಬಟ್ಟೆ ಒಣಹಾಕೋ ತಂತಿ ಮೇಲಾ?" ಎಂದು ಆಕೆ ಒಂದು ದಿನ ಪೂರ್ತಿ ಮೂಗು ಮುರಿದರು. ಮರುದಿನ ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು, ನಗರಸಭೆ ಕೊಟ್ಟ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಹಿತ್ತಲಲ್ಲಿ ನಿಂತಿದ್ದರು.

ಇಪ್ಪತ್ತೇಳನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಇಂಜಿನಿಯರ್ ಅರಗು ಒಡೆದು ಸರಪಳಿ ಬಿಚ್ಚಿದರು. ಗುಮಾಸ್ತರು ಪಟ್ಟಿ ಹಿಡಿದು, "ಕಾವಲುಗಾರ್ತಿ ಒಂದು, ಸಾಮಾನು ಒಂದು" ಎಂದು ಗುರುತು ಹಾಕಿಕೊಂಡರು. ಕಾವಲುಗಾರ್ತಿ ಮುಂದಿನ ಸೀಟಿನಲ್ಲಿ, ಸಾಮಾನು ಹಾರಿಸುವ ಹಿಡಿಕೆ ಇರುವ ಹಿಂದಿನದರಲ್ಲಿ. ಎಂಜಿನ್ನು ಗುಡುಗಿತು. ಮೈದಾನದ ಹುಲ್ಲಿನ ಮೇಲೆ ಕಟ್ಟಡ ಕುಪ್ಪಳಿಸುತ್ತ ಓಡಿ, ಬೇಲಿಗೆ ಹತ್ತು ಮಾರು ಇರುವಾಗ ನೆಲ ಬಿಟ್ಟಿತು.

ಮಾಸ್ಟ್ರು ಅತ್ತುಬಿಟ್ಟರು. ಸಾಮಾನು ಅಳಬಾರದೆಂಬ ನಿಯಮ ಇರಲಿಲ್ಲ. ಅವರ ಒಂದೊಂದು ಹೊಲಿಗೆಯೂ ಗಾಳಿಯನ್ನು ಹಿಡಿದು ನಿಂತಿತ್ತು. ಕೆಳಗೆ ಊರಿನ ಮಾಳಿಗೆಗಳು, ನೀರಿನ ಟ್ಯಾಂಕು, ನಗರಸಭೆಯ ಸೋರುವ ಛಾವಣಿ. ಮುಂದಿನ ಸೀಟಿನಿಂದ ಹೆಂಡತಿ ಹಿಂದೆ ತಿರುಗಿ ಏನೋ ಕೂಗಿದರು. ಎಂಜಿನ್ನಿನ ಸದ್ದಿಗೆ ಕೇಳಲಿಲ್ಲ. ಹೆದರಿದಳೇನೋ ಎಂದು ಮಾಸ್ಟ್ರು ಹನ್ನೆರಡೇ ನಿಮಿಷಕ್ಕೆ ಇಳಿಸಿದರು.

"ಏನೇ ಕೂಗಿದ್ದು?"

"ಇನ್ನೊಂದು ಸುತ್ತು ಹೋಗೋಣ ಅಂದೆ. ನಿಮಗೆ ಯಾವತ್ತು ಕೇಳಿಸಿದೆ ನನ್ನ ಮಾತು!"

ಕಟ್ಟಡ ತನ್ನ ಜಾಗಕ್ಕಿಂತ ಒಂದೂವರೆ ಅಡಿ ಪೂರ್ವಕ್ಕೆ ನಿಂತಿದೆ ಎಂದು ಇಂಜಿನಿಯರ್ ಆಕ್ಷೇಪಿಸಿದರು. ಎಲ್ಲರೂ ಸೇರಿ ತಳ್ಳಿ ಸರಿಪಡಿಸಿದರು.

ಮರುದಿನ ಪರವಾನಗಿ ರದ್ದಾಯಿತು. ಮಾಸ್ಟ್ರು ಅಂಗಡಿಯ ಬಾಗಿಲು ತೆಗೆಯದೆ ಗೋಡೆಯ ಚಿತ್ರಗಳನ್ನು ನೋಡುತ್ತ ಕೂತಿದ್ದರು. ಪ್ಯಾಂಟು ಕೇಳಲು ಬಂದ ಹೆಡ್ ಗುಮಾಸ್ತರಿಗೆ ಈ ಶೋಕದ ಕಾರಣವೇ ಅರ್ಥವಾಗಲಿಲ್ಲ.

"ಪರವಾನಗಿ ಬೇಕಾಗೋದು ಚಾಲಕರಿಗೆ ಮಾಸ್ಟ್ರೇ. ನಮ್ಮ ದಾಖಲೆಯಲ್ಲಿ ನೀವೆಲ್ಲಿ ಚಾಲಕರು? ಸಾಮಾನಿಗೆ ವಯೋಮಿತಿ ಇಲ್ಲ. ಕಟ್ಟಡ ಹಳೇದು ಬೇರೆ, ತಿಂಗಳಿಗೊಮ್ಮೆ ದುರಸ್ತಿ ಬೇಕೇ ಬೇಕಲ್ಲ!"

ಅಂದಿನಿಂದ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹನ್ನೊಂದನೇ ನಂಬರಿನ ಕಟ್ಟಡ ದುರಸ್ತಿಗೆ ಹೋಗಿ, ಹತ್ತೂಮುಕ್ಕಾಲಿಗೆ ವಾಪಸಾಗುತ್ತದೆ. ತಲೆಯೆತ್ತಿ ನೋಡುವವರು ಈಗ ಕಡಿಮೆ.

ಮುಂದಿನ ವರ್ಷದ ಸಾಮಾನು ತಪಾಸಣೆಗೆ ಹೆಡ್ ಗುಮಾಸ್ತರೇ ಬಂದರು. ಮಾಸ್ಟ್ರನ್ನು ಒಂದು ಸುತ್ತು ಹಾಕಿ ನೋಡಿ "ಸುಸ್ಥಿತಿಯಲ್ಲಿದೆ" ಎಂದು ಬರೆದರು. ಆಮೇಲೆ ಸ್ವಲ್ಪ ಸಂಕೋಚದಿಂದ ಮಾಸ್ಟ್ರ ಹೆಂಡತಿಯ ಕಡೆ ತಿರುಗಿದರು.

"ಅಮ್ಮಾ, ಬರೋ ತಿಂಗಳು ನಿಮಗೆ ಅರವತ್ತು ಅಂತ ಕಾಣುತ್ತೆ. ಕಾವಲುಗಾರ್ತಿ ಕೆಲಸದಿಂದ ನಿಮ್ಮನ್ನ ಬಿಡಿಸಬೇಕಾಗುತ್ತೆ. ಬೇರೆ ಯಾರನ್ನಾದ್ರೂ ನೋಡ್ತೀವಿ."

ಮಾಸ್ಟ್ರ ಮುಖ ಸಪ್ಪಗಾಯಿತು. ಆಕೆ ಸೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು.

"ಬೇರೆಯವರನ್ನ ಯಾಕೆ ನೋಡ್ತೀರಿ? ನನ್ನನ್ನೂ ಸಾಮಾನಿಗೆ ಹಾಕ್ಕೊಳ್ಳಿ."

ಗುಮಾಸ್ತರು ಪುಸ್ತಕ ನೋಡಿದರು. ತೊಂದರೆ ಏನೂ ಇರಲಿಲ್ಲ. ಸೀಟಿಯನ್ನು ಜೇಬಿಗಿಳಿಸಿ, ಮೊದಲಿದ್ದ "ಒಂದು" ಎಂಬುದನ್ನು ಹೊಡೆದುಹಾಕಿ "ಒಂದು ಜೊತೆ" ಎಂದು ತಿದ್ದಿದರು. ಜೊತೆಯಾಗಿ ದಾಖಲಾದ ಸಾಮಾನುಗಳನ್ನು ಯಾವುದೇ ಕಾರಣಕ್ಕೂ ಬೇರ್ಪಡಿಸತಕ್ಕದ್ದಲ್ಲ ಎಂಬ ನಿಯಮವನ್ನು ಇಬ್ಬರಿಗೂ ಓದಿ ಹೇಳಿದರು. ಮಾಸ್ಟ್ರ ಹೆಂಡತಿ ಅದನ್ನು ತಾವೂ ಒಮ್ಮೆ ಓದಿ ನೋಡಿ, ಗಂಡನ ಹೆಸರಿನ ಪಕ್ಕದಲ್ಲಿ ಸಹಿ ಹಾಕಿದರು.