ಸೇರಿಗೆ ಹಚ್ಚಿದ ಶಾಯಿ

ಕಳ್ಳನನ್ನು ಹಿಡಿಯಬೇಕೆಂದು ನಾನು ನಮ್ಮ ದೊಡ್ಡಮ್ಮನ ರಾಗಿ ಅಳೆಯುವ ಸೇರಿಗೆ ನೇರಳೆ ಶಾಯಿಪುಡಿ ಬಳಿದೆ. ಇಪ್ಪತ್ತು ವರ್ಷದ ನನ್ನ ಬಾಳಿನಲ್ಲಿ ಮಾಡಿದ ತಪ್ಪುಗಳಲ್ಲೆಲ್ಲ ಇದೇ ಅತಿ ಬುದ್ಧಿವಂತ ತಪ್ಪು. ಮಿಕ್ಕವನ್ನು ಯೋಚಿಸದೆ ಮಾಡಿದ್ದೆ. ಇದೊಂದಕ್ಕೆ ಮೂರು ದಿನ ಕೂತು ಯೋಚಿಸಿದ್ದೆ!

ಆದರೂ ತಪ್ಪೆಲ್ಲ ನನ್ನದೇ ಎಂದುಬಿಟ್ಟರೆ ದೊಡ್ಡಮ್ಮನಿಗೆ ಅನ್ಯಾಯವಾದೀತು. ಇಡೀ ಮೈಸೂರು ಸಂಸ್ಥಾನದಲ್ಲಿ ಕಳ್ಳರಿಗೆ ಅಷ್ಟು ಅನುಕೂಲ ಮಾಡಿಕೊಟ್ಟ ಹೆಂಗಸು ಇನ್ನೊಬ್ಬಳಿರಲಾರಳು. ಮಧುಗಿರಿಯ ಬೆಟ್ಟದ ಬುಡದಲ್ಲಿ ಅವಳ ಮನೆ. ಬೀದಿ ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ. ಬೀಗದ ಕೈ ಕಳೆದುಹೋಗಬಾರದೆಂದು ಪಕ್ಕದ ಮೊಳೆಗೇ ನೇತುಹಾಕಿರುತ್ತಿದ್ದಳು. ಹಿತ್ತಲ ಬಾಗಿಲಿಗೆ ಅಗುಳಿಯೇ ಇಲ್ಲ, ಒಂದು ಪೊರಕೆ ಕಡ್ಡಿ ಸಿಕ್ಕಿಸಿದರೆ ಭದ್ರ. ಅದೂ ಹೊರಗಡೆಯಿಂದ! ಬಡಗಿಯನ್ನು ಕರೆಸೋಣ ಎಂದರೆ ಮುಂದಿನ ತಿಂಗಳು ಹೇಳಾನ ಬುಡು ಅನ್ನುವಳು. ಆರು ವರ್ಷದಿಂದ ಆ ಮುಂದಿನ ತಿಂಗಳು ಬಂದಿರಲಿಲ್ಲ.

ಮರೆವು ಬೇರೆ. ಸಂತೆಗೆ ಹೋದರೆ ಕೊಂಡ ಹುಣಸೆಹಣ್ಣನ್ನು ಪಕ್ಕದಲ್ಲಿ ಕೂತ ಯಾರದೋ ಬುಟ್ಟಿಯಲ್ಲಿ ಮರೆತು ಬರುವಳು. ತುಂಬಿದ ಬುಟ್ಟಿಯಲ್ಲಿ ಮಾತ್ರ ಯಾವತ್ತೂ ಮರೆತವಳಲ್ಲ. ಇದು ನನಗೆ ಹೊಳೆದದ್ದು ಈಗ, ಬರೆಯುವಾಗ.

ಇನ್ನು ಅವಳ ಹಾಡು. ನಾವು ಕ್ರೈಸ್ತರು, ಭಾನುವಾರ ಬೆಳಿಗ್ಗೆ ದೇವಾಲಯದಲ್ಲಿ ಆರಾಧನೆ. ಎಲ್ಲರೂ ಒಂದು ಸಾಲು ಮುಗಿಸಿದ ಮೇಲೆ ದೊಡ್ಡಮ್ಮ ಅದನ್ನು ಶುರುಮಾಡುವಳು. ಎಲ್ಲರೂ ಕೂತ ಮೇಲೂ ಒಬ್ಬಳೇ ನಿಂತು ಕೊನೆಯ ಚರಣವನ್ನು ಮತ್ತೊಮ್ಮೆ ಹಾಡುವಳು, ಕೋಟೆಯ ಮೇಲಿನ ಕೋತಿಗಳಿಗೆ ಕೇಳಿಸುವ ಹಾಗೆ. ಸ್ವಲ್ಪ ಮೆಲ್ಲಗೆ ಹಾಡಮ್ಮ ಎಂದು ಉಪದೇಶಿಗಳು ಕೈಮುಗಿದು ಕೇಳಿದ್ದುಂಟು. ಆರಾಧನೆ ಮುಗಿಸಿ ಮನೆಗೆ ಬರುವಾಗಲೂ ಅಷ್ಟೆ. ಬೀದಿಯ ತಿರುವಿನಿಂದಲೇ ಕೆಮ್ಮು ಶುರು, ಇಲ್ಲದ ನಾಯಿಯನ್ನು ಗದರಿಸುವುದು ಶುರು. ದೊಡ್ಡಮ್ಮ ನಡೆದು ಬಂದರೆ ದಂಡು ಬಂದ ಹಾಗೆ ಎಂದು ನಾನು ಊರೆಲ್ಲ ಹೇಳಿಕೊಂಡು ನಗಿಸುತ್ತಿದ್ದೆ. ನನಗೂ ಏನಾದರೂ ಕೆಲಸ ಬೇಕಲ್ಲ! ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ದೊಡ್ಡಮ್ಮನನ್ನು ನೋಡಿಕೊಳ್ಳುತ್ತೇನೆಂದು ಬಂದು ಅವಳ ಮುದ್ದೆ ತಿಂದುಕೊಂಡಿದ್ದೆ.

ಯುದ್ಧದ ಕಾಲ ಅದು. ರಾಗಿಗೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು, ಬಟ್ಟೆಗೆ ರೇಷನ್ನು. ಬಡವನಹಳ್ಳಿಯ ಹತ್ತಿರ ದೊಡ್ಡಮ್ಮನಿಗೆ ಒಂದಿಷ್ಟು ಹೊಲವಿದ್ದದ್ದರಿಂದ ನಮ್ಮ ಹಿತ್ತಲ ಜಗಲಿಯ ವಾಡೆಯಲ್ಲಿ, ಅಂದರೆ ನನ್ನ ಎದೆಮಟ್ಟದ ಮಣ್ಣಿನ ಕಣಜದಲ್ಲಿ, ರಾಗಿ ಇತ್ತು. ಆದರೆ ನಾವಿಬ್ಬರು ತಿನ್ನುವುದಕ್ಕಿಂತ ಜೋರಾಗಿ ಅದು ಇಳಿಯುತ್ತಿತ್ತು. ಕೇಳಿದೆ.

"ಇಲಿ ಕಣ್ಲಾ," ಎಂದಳು ದೊಡ್ಡಮ್ಮ.

"ಇಲಿ ತಿಂದ್ಮೇಲೆ ಸೇರು ಒರೆಸಿ ಮಗುಚಿ ಇಟ್ಟು ಹೋಗ್ತದಾ ದೊಡ್ಡಮ್ಮ?"

"ಒಳ್ಳೆ ಮನೆತನದ ಇಲಿ ಅಂತ ಕಾಣ್ತದೆ. ಸುಮ್ಕಿರು."

ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. ರಾಗಿ ಇಳಿಯುತ್ತಿದ್ದದ್ದು ಭಾನುವಾರ, ನಾವಿಬ್ಬರೂ ದೇವಾಲಯದಲ್ಲಿರುವ ಹೊತ್ತಿನಲ್ಲಿ ಎಂಬುದನ್ನು ಪತ್ತೆಹಚ್ಚಿದೆ. ಗುಮಾಸ್ತರು ಬಳಸುವ ನೇರಳೆ ಶಾಯಿಪುಡಿಯನ್ನು ಗೆಳೆಯನೊಬ್ಬನಿಂದ ಇಸಕೊಂಡೆ. ಒಣಗಿದ್ದಾಗ ಅದು ಕಣ್ಣಿಗೆ ಕಾಣುವುದಿಲ್ಲ. ಬೆವರಿನ ಕೈ ತಾಗಿದರೆ ಮುಗಿಯಿತು, ವಾರಗಟ್ಟಲೆ ತೊಳೆದರೂ ಹೋಗದು. ಶನಿವಾರ ಸಂಜೆ ಸೇರಿನ ಹೊರಮೈಗೆಲ್ಲ ಹಚ್ಚಿದೆ. ಹಚ್ಚಿದ ಕೈಯಲ್ಲೇ ಮೂಗು ತುರಿಸಿಕೊಂಡು ಮಾರನೆಯ ದಿನ ನೇರಳೆ ಮೂಗಿನಲ್ಲಿ ಆರಾಧನೆಗೆ ಹೋದೆ. ಅಂದು ಉಪದೇಶಿಗಳು ಬಡವರ ಮೇಲಿನ ಕರುಣೆಯ ವಿಚಾರವಾಗಿ ಪ್ರಸಂಗ ಮಾಡಿದರು. ನನ್ನ ಮೂಗಿನ ಕಡೆ ಕಣ್ಣು ಬಿದ್ದಾಗಲೆಲ್ಲ ಅವರಿಗೆ ಮಾತು ತಪ್ಪುತ್ತಿತ್ತು. ನನಗಂತೂ ಪ್ರಸಂಗದ ಒಂದಕ್ಷರವೂ ಕಿವಿಗೆ ಬೀಳಲಿಲ್ಲ, ಮನಸ್ಸೆಲ್ಲ ಸೇರಿನ ಮೇಲಿತ್ತು.

ಮನೆಗೆ ಬಂದು ನೋಡಿದರೆ ಸೇರಿನ ಮೇಲೆ ನೇರಳೆ ಬೆರಳಗುರುತು ಮೂಡಿತ್ತು. ಬಲೆಗೆ ಬಿದ್ದಿದೆ! ಇನ್ನು ಊರಿನ ಅಂಗೈಗಳನ್ನೆಲ್ಲ ನೋಡುವುದು ಹೇಗೆ? ಅದಕ್ಕೂ ಉಪಾಯ ಮಾಡಿದೆ. ಸೋಮವಾರ ರೇಷನ್ ಡಿಪೋ ಮುಂದೆ ಅರ್ಧ ಊರೇ ಸಾಲು ನಿಲ್ಲುತ್ತದೆ. ಅಲ್ಲಿ ಹೋಗಿ ಕೈ ನೋಡಿ ಭವಿಷ್ಯ ಹೇಳುತ್ತೇನೆ ಎಂದು ಸಾರಿದೆ. ನೇರಳೆ ಮೂಗಿನ ಜೋಯಿಸನಿಗೆ ಯಾರು ತಾನೇ ಕೈ ಕೊಡುವುದಿಲ್ಲ? ಒಬ್ಬ ಮುದುಕಿಗೆ ಈ ವಾರ ಸೀಮೆಎಣ್ಣೆ ಯೋಗವಿದೆ ಎಂದೆ. ಹೊಸದಾಗಿ ಮದುವೆಯಾದವನಿಗೆ ಗಂಡು ಮಗು ಆಗುತ್ತದೆ, ಆದರೆ ಕಾರ್ಡು ಇಲ್ಲದೆ ಹುಟ್ಟುತ್ತದೆ ಎಂದೆ. ಸಾಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನಾನು ಅಂಗೈಯಿಂದ ಅಂಗೈಗೆ ದಾಟುತ್ತಾ ಸಾಲಿನ ಮುಂದಿನ ತುದಿಯ ಹತ್ತಿರ ಬಂದೆ.

ಅಲ್ಲಿ ನರಸಪ್ಪನವರು ನಿಂತಿದ್ದರು. ಪಾವಗಡದ ಕಡೆಯ ತೆಲುಗು ಮಾತಿನ ನೇಕಾರರು, ನಮ್ಮ ಹಿಂದಿನ ಬೀದಿಯಲ್ಲಿ ಮನೆ. ಯುದ್ಧ ಬಂದಮೇಲೆ ನೂಲು ಸಿಗದೆ ಮಗ್ಗ ನಿಂತಿತ್ತು. ಅವರ ಕಾರ್ಡು ಪಾವಗಡದಲ್ಲೇ ಉಳಿದಿತ್ತು. ಇಲ್ಲಿಗೆ ಬದಲಾಯಿಸಿಕೊಡಿ ಎಂದು ಕೇಳಲು ಪ್ರತಿ ಸೋಮವಾರ ಬಂದು ನಿಲ್ಲುತ್ತಿದ್ದರು. ಬಲಗೈಗೆ ಟವಲು ಸುತ್ತಿಕೊಂಡಿದ್ದರು.

"ಕೈ ಕೊಡಿ ನರಸಪ್ಪನೋರೆ," ಎಂದೆ.

"ವೊದ್ದು ಬಾಬು, ಬ್ಯಾಡ. ನನ್ನ ಕೈಯಾಗೆ ಏನೈತೆ ನೋಡಾಕೆ?" ಎಂದು ಹಿಂದಕ್ಕೆ ಸರಿದರು.

ನನಗೆ ಅಲ್ಲೇ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ. ಆದರೆ ಅಷ್ಟು ಜನ ನಗಲು ಕಾದಿದ್ದರಲ್ಲ! ಟವಲಿನ ತುದಿ ಹಿಡಿದು ಎಳೆದೆ. ಅಂಗೈ ತುಂಬ ನೇರಳೆ. ಉಜ್ಜಿ ಉಜ್ಜಿ ಅಂಚಿನಲ್ಲಿ ಚರ್ಮ ಕಿತ್ತುಬಂದಿತ್ತು.

"ಇಲಿ ಸಿಕ್ತು!" ಎಂದು ಕೂಗಿದೆ.

ಇಬ್ಬರೋ ಮೂವರೋ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ನರಸಪ್ಪನವರು ನನ್ನ ಕೈಯಿಂದ ಟವಲನ್ನು ಮೆಲ್ಲಗೆ ಬಿಡಿಸಿಕೊಂಡು, ಒದರಿ, ಹೆಗಲಿಗೆ ಹಾಕಿಕೊಂಡು, ಸಾಲು ಬಿಟ್ಟು ನಡೆದು ಹೋದರು. ಅವರ ಸರದಿಗೆ ಇನ್ನು ನಾಲ್ಕೇ ಜನ ಇದ್ದರು.

ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದೆ. ಅವಳು ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಒಂದು ಹಾಸ್ಯ ಹೊಡೆದು ತಪ್ಪಿಸಿಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಮೂರು ತಿಂಗಳ ಹಿಂದೆ ಮೊರದ ತುಂಬ ರಾಗಿ ಒಯ್ದು ಕೊಟ್ಟಿದ್ದಳಂತೆ, ನರಸಪ್ಪನವರು ಕೈಮುಗಿದು ವಾಪಸು ಕಳಿಸಿದ್ದರಂತೆ. ಕೈಚಾಚಿ ಗೊತ್ತಿಲ್ಲದ ಮನುಷ್ಯ. ಆಮೇಲೆ ಅವರಿಗೆ ಕೇಳಿಸುವ ಹಾಗೆ ಬಾವಿಕಟ್ಟೆಯಲ್ಲಿ ಯಾರಿಗೋ ಹೇಳಿದಳಂತೆ, ನಮ್ಮ ಹಿತ್ತಲ ಬಾಗಿಲಿಗೆ ಅಗುಳಿ ಇಲ್ಲ, ಭಾನುವಾರ ಮನೆಯಲ್ಲಿ ಯಾರೂ ಇರುವುದಿಲ್ಲ ಎಂದು. ಅಷ್ಟೆ. ಅವಳು ದೇವಾಲಯದಲ್ಲಿ ಗಂಟಲು ಹರಿಯುವ ಹಾಗೆ ಹಾಡಿದ್ದು, ತಿರುವಿನಲ್ಲಿ ಕೆಮ್ಮಿದ್ದು, ಇಲ್ಲದ ನಾಯಿಯನ್ನು ಗದರಿದ್ದು, ಎಲ್ಲ ಅವರಿಗೆ ಹೊತ್ತು ತಿಳಿಯಲಿ ಎಂದು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಆಡಿದವನು ನಾನು.

"ಇಲಿ ಅಂದಿದ್ದು ನಿನ್ನ ಬಾಯಿ ಮುಚ್ಸಾಕೆ ಕಣ್ಲಾ," ಎಂದಳು ದೊಡ್ಡಮ್ಮ. "ನೀನು ಹೋಗಿ ಅದನ್ನ ಮನುಷ್ಯನಿಗೆ ಅಂದ್ಬುಟ್ಟೆ."

ಮುಂದಿನ ಭಾನುವಾರವೂ ಕೊನೆಯ ಚರಣವನ್ನು ಅವಳು ಎರಡು ಸಲ ಹಾಡಿದಳು. ವಾಡೆಯ ರಾಗಿ ಇದ್ದಲ್ಲೇ ಇತ್ತು. ಅದರ ಮುಂದಿನ ವಾರ ಮೂರು ಸಲ ಹಾಡಿದಳು, ಉಪದೇಶಿಗಳು ತಡೆಯಲಿಲ್ಲ. ಬಂದು ನೋಡಿದರೆ ರಾಗಿ ಇದ್ದಲ್ಲೇ ಇತ್ತು. ಕಣಜ ಇಳಿಯಲೆಂದು ನಾನು ಬೇಡಿಕೊಂಡದ್ದು ಅದೇ ಮೊದಲು. ಬೀದಿಯಲ್ಲಿ ಹುಡುಗರು ಜೋಯಿಸರೇ ಎಂದು ಕರೆದರೆ ಕೇಳಿಸದವನಂತೆ ದಾಟಿ ಹೋಗುತ್ತಿದ್ದೆ.

ಕೊನೆಗೊಂದು ಮಧ್ಯಾಹ್ನ ಚೀಲಕ್ಕೆ ರಾಗಿ ತುಂಬಿ ತಲೆಯ ಮೇಲಿಟ್ಟುಕೊಂಡು ನರಸಪ್ಪನವರ ಮನೆಗೆ ಹೊರಟೆ. ದಾರಿಯುದ್ದಕ್ಕೂ ತಮಾಷೆಯ ಮಾತೊಂದನ್ನು ಹೊಂದಿಸಿಕೊಂಡಿದ್ದೆ. ಅವರ ಹೊಸ್ತಿಲಲ್ಲಿ ಅದು ನಾಲಗೆಗೆ ಬರಲಿಲ್ಲ. ತಪ್ಪಾಯಿತು ಎಂದಷ್ಟೇ ಅಂದೆ. ನರಸಪ್ಪನವರು ಬರಿದಾದ ಮಗ್ಗದ ಗುಂಡಿಯ ಅಂಚಿನಲ್ಲಿ ಕೂತಿದ್ದರು. ಎದ್ದು ನನಗೆ ಚಾಪೆ ಹಾಸಿದರು, ನೀರು ತರಿಸಿಕೊಟ್ಟರು.

"ಅಮ್ಮನೋರಿಗೆ ನಮಸ್ಕಾರ ಹೇಳು ಬಾಬು," ಎಂದರು. "ಇದನ್ನ ತಗೊಂಡೋಗು." ಎದ್ದು ಒಳಗೆ ಹೋದರು. ಒಳಗೆ ಒಂದು ಎಳೆಗೂಸು ಅಳುತ್ತಿತ್ತು.

ಚೀಲ ಹೊತ್ತುಕೊಂಡು ಹೊರಟೆ. ಹೋಗುವಾಗ ಇಲ್ಲದ ಭಾರ ಬರುವಾಗ ಇತ್ತು. ಬೀದಿಯ ಅರ್ಧಕ್ಕೆ ಬರುವಷ್ಟರಲ್ಲಿ ಹಿಂದೆ ಯಾರೋ ಕರೆದರು. ನರಸಪ್ಪನವರ ಹೆಂಡತಿ ಅಂಜಿನಮ್ಮ. ನನ್ನ ತಲೆಯ ಮೇಲಿದ್ದ ಚೀಲಕ್ಕೆ ಕೈಕೊಟ್ಟು ಇಳಿಸಿ ಸೊಂಟಕ್ಕೆ ಇಟ್ಟುಕೊಂಡರು.

"ಆಯಪ್ಪನಿಗೆ ಮಾನ ದೊಡ್ಡದು ನಾಯನಾ. ನಂಗೆ ಒಳಗೆ ಬಾಣಂತಿ ಮಗಳವಳೆ," ಎಂದರು. "ಇದು ಮುಗಿದ ಮ್ಯಾಲೆ ನಾನೇ ಬತ್ತೀನಿ. ಹಿತ್ಲಿಂದ ಅಲ್ಲ, ಬೀದಿ ಬಾಗ್ಲಿಂದ, ನಾಕು ಜನ ನೋಡೋ ಹೊತ್ನಾಗೆ. ನೀನೇ ಅಳೆದು ಕೊಡು."

ಇನ್ನು ಮೇಲೆ ಯಾರನ್ನೂ ನೋಡಿ ನಗುವುದಿಲ್ಲ ಎಂದು ತೊದಲಿದೆನೆಂದು ಕಾಣುತ್ತದೆ.

"ನಗಬ್ಯಾಡ ಅಂತ ನಾನಂತಿಲ್ಲ," ಎಂದರು ಅಂಜಿನಮ್ಮ. "ನಿನ್ನ ವಯಸ್ಸು, ನಗು. ನನ್ನ ಕಂಡಾಗ ಮೊದ್ಲು 'ಬಾಮ್ಮ' ಅನ್ನು. ಆಮ್ಯಾಲೆ ನಗು."